ಡಬ್ಲಿನ್ನಿನ ಹುಡುಗ, ಮೆಲ್ಬರ್ನಿನ ಆಟ



ಫುಟ್‌ಬಾಲ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ದುಂಡನೆಯ ಚೆಂಡು, ಎರಡು ಕಂಬಗಳ ಹಿಂದೆ ಕಟ್ಟಿದ ಬಲೆ. ಆದರೆ ಈ ಒಂದೇ ಹೆಸರಿನಿಂದ ಕರೆಸಿಕೊಳ್ಳುವ ಆಟಗಳು ಜಗತ್ತಿನಲ್ಲಿ ಹಲವಾರು ಇವೆ. ಅಮೆರಿಕದವರ ಫುಟ್‌ಬಾಲ್ ಒಂದು ಬಗೆ, ಐರ್ಲೆಂಡಿನವರದು ಇನ್ನೊಂದು, ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದವರದು ಮತ್ತೂ ಒಂದು. ನಾವು ಈ ಲೇಖನದಲ್ಲಿ ನೋಡಲಿರುವುದು ಕೊನೆಯದನ್ನು. ‘ಆಸ್ಟ್ರೇಲಿಯನ್ ರೂಲ್ಸ್’ ಎಂಬ ಈ ಫುಟ್‌ಬಾಲನ್ನೇ ಜೀವನೋಪಾಯ ಮಾಡಿಕೊಂಡ ಆಟಗಾರನ ಬದುಕು ಹೇಗಿರುತ್ತದೆ ಎಂಬುದು ನಮ್ಮ ವಿಷಯ. ಸಾಮಾನ್ಯ ಮಾತುಗಳಲ್ಲಿ ಹೇಳುತ್ತ ಹೋದರೆ ನಿಮಗೆ ಬೇಸರವಾದೀತೆಂದು ಒಬ್ಬ ಆಟಗಾರನನ್ನೇ ಆರಿಸಿಕೊಂಡಿದ್ದೇನೆ. ಹೆಸರು ಜಿಮ್ ಸ್ಟೈನ್ಸ್. ಹದಿನೆಂಟು ವರ್ಷ ತುಂಬುವವರೆಗೂ ಈ ಹುಡುಗ ಆ ಆಟವನ್ನು ಆಡಿದವನೇ ಅಲ್ಲ. ನಾವು ನೀವು ಕಲಿಯಬೇಕಾದಂತೆಯೇ ಅವನೂ ಅದರ ನಿಯಮಗಳನ್ನು ಮೊದಲಿನಿಂದ ಕಲಿತ. ಕಲಿಯುವ ಹೊತ್ತಿನಲ್ಲಿ, ಸಾವಿರಾರು ಜನರ ಎದುರಿಗೆ, ಒಂದು ತಪ್ಪನ್ನೂ ಮಾಡಿದ. ಆ ತಪ್ಪು ಎಂಥದೆಂದು ಅರ್ಥವಾಗಬೇಕಾದರೆ ಆಟ ಸ್ವಲ್ಪ ತಿಳಿದಿರಬೇಕು.

ಈ ಆಟ ಹುಟ್ಟಿದ್ದು ಕ್ರಿಕೆಟ್ಟಿನ ಮಗ್ಗುಲಲ್ಲಿ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಮೆಲ್ಬರ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟ್ ಆಟಗಾರರ ಮೈ ಜಡ್ಡುಗಟ್ಟಬಾರದು, ಅದಕ್ಕಾಗಿ ಒಂದು ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಬೇಕು ಎಂದು ಸಲಹೆ ಮಾಡಿದ. ಮರುವರ್ಷ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್ಬಿನ ಕೆಲವರು ಕುಳಿತು ಹತ್ತು ನಿಯಮಗಳನ್ನು ಬರೆದರು. ನಾವು ಆಡುವ ಫುಟ್‌ಬಾಲಿನ ನಿಯಮಗಳು ಇಂಗ್ಲೆಂಡಿನಲ್ಲಿ ಒಂದು ರೂಪಕ್ಕೆ ಬಂದದ್ದು 1863ರಲ್ಲಿ. ಅಂದರೆ ಇದು ಅದಕ್ಕಿಂತ ನಾಲ್ಕು ವರ್ಷ ಹಿರಿಯ ಆಟ! ಇಂದಿಗೂ ಇದನ್ನು ಬಹುಮಟ್ಟಿಗೆ ಕ್ರಿಕೆಟ್ ಮೈದಾನಗಳಲ್ಲೇ ಆಡುತ್ತಾರೆ. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಫುಟ್‌ಬಾಲ್. (ಭೂಮಿಯ ದಕ್ಷಿಣಾರ್ಧದಲ್ಲಿ ಋತುಗಳು ನಮಗೆ ತಿರುವುಮುರುವು ಎಂಬ ಭೂಗೋಳದ ಪಾಠವನ್ನು ನೆನಪಿಸಿಕೊಳ್ಳಿ. ಅಲ್ಲಿ ಜೂನ್, ಜುಲೈ ತಿಂಗಳುಗಳು ಚಳಿಗಾಲ.) ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರು 1981ರಲ್ಲಿ 114 ರನ್ ಗಳಿಸಿ ಭಾರತದ ಗೆಲುವಿಗೆ ತಳಹದಿ ಹಾಕಿದರಲ್ಲ, ಅದೇ ಮೆಲ್ಬರ್ನ್ ಕ್ರಿಕೆಟ್ ಮೈದಾನ ಈ ಆಟದ ಫೈನಲ್ ನಡೆಯುವ ಜಾಗ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಒಂದು ಲಕ್ಷದಷ್ಟು ಜನ ಸೇರುತ್ತಾರೆ.

ಒಂದು ತಂಡದಿಂದ ಮೈದಾನದಲ್ಲಿ ಆಡುವವರು 18 ಮಂದಿ. ಚೆಂಡು ಮೊಟ್ಟೆಯ ಆಕಾರದ್ದು. ನೆಲಕ್ಕೆ ಬಿದ್ದರೆ ಯಾವ ಕಡೆಗೆ ಪುಟಿಯುತ್ತದೆಂದು ಹೇಳುವುದು ಕಷ್ಟ. ಮೈದಾನದ ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯದಿಂದ ಚೆಂಡನ್ನು ಒದ್ದು ಕಳಿಸಿದರೆ ಗೋಲು, ಅದಕ್ಕೆ 6 ಅಂಕ. ಗುರಿ ತುಸು ತಪ್ಪಿ ಪಕ್ಕದ ಕಂಬದ ಒಳಗಡೆ ಹೋದರೆ 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಹದಿನೈದು ಮೀಟರ್ ಓಡುವುದರೊಳಗೆ ಅದನ್ನು ಒಮ್ಮೆ ನೆಲಕ್ಕೆ ಪುಟಿಸಲೇಬೇಕು. ಜೊತೆಗಾರನಿಗೆ ಎಸೆಯುವಂತಿಲ್ಲ, ಒಂದು ಅಂಗೈ ಮೇಲೆ ಚೆಂಡನ್ನಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಕಳಿಸಬೇಕು, ಇಲ್ಲವೇ ಒದೆಯಬೇಕು. ಆಫ್‌ಸೈಡ್ ಎಂಬುದೇ ಇಲ್ಲ. ನಾಲ್ಕು ಅವಧಿಗಳು, ಒಂದೊಂದಕ್ಕೆ 20 ನಿಮಿಷ. ಆಟ ನಿಂತ ಹೊತ್ತನ್ನೂ ಕೂಡಿಸುವುದರಿಂದ ಪ್ರತಿಯೊಂದೂ ಅರ್ಧ ಗಂಟೆಯ ಹತ್ತಿರ ಹೋಗುತ್ತದೆ. ಅಷ್ಟು ದೊಡ್ಡ ಮೈದಾನದಲ್ಲಿ ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಓಡುವುದು ಸಾಮಾನ್ಯ.

ಈಗ ಒಂದು ಮುಖ್ಯ ನಿಯಮ: ‘ಮಾರ್ಕ್’. ಪರೀಕ್ಷೆಯ ಮಾರ್ಕಿಗೂ ಇದಕ್ಕೂ ಸಂಬಂಧವಿಲ್ಲ. ಸಾಕಷ್ಟು ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಯಾರಾದರೂ ಹಿಡಿದರೆ, ಅಡ್ಡಿಯಿಲ್ಲದೆ ಒದೆಯುವ ಹಕ್ಕು ಅವನಿಗೆ ಸಿಗುತ್ತದೆ. ಎದುರಾಳಿ ತಪ್ಪೆಸಗಿದಾಗ ಅಂಪೈರ್ ಕೊಡುವ ಫ್ರೀ ಕಿಕ್ಕಿಗೂ ಇದೇ ಕ್ರಮ. ಚೆಂಡು ಹಿಡಿದ ಜಾಗದಲ್ಲಿ, ಅಂದರೆ ಮಾರ್ಕಿನ ಮೇಲೆ, ಎದುರು ಪಕ್ಷದ ಒಬ್ಬ ನಿಂತು ಕೈ ಎತ್ತಿ ತಡೆಯಲು ನೋಡಬಹುದು. ಒದೆಯುವವನು ಕೆಲವು ಹೆಜ್ಜೆ ಹಿಂದೆ ಸರಿದು ಓಡಿಬಂದು ಒದೆಯುತ್ತಾನೆ. ಇವರಿಬ್ಬರ ನಡುವಿನ ಜಾಗವಿದೆಯಲ್ಲ, ಅಲ್ಲಿಗೆ ಎದುರು ಪಕ್ಷದ ಇನ್ನೊಬ್ಬ ಆಟಗಾರ ಕಾಲಿಡಕೂಡದು. ಇಟ್ಟರೆ ಒದೆಯುವವನನ್ನು ಗೋಲಿನತ್ತ 15 ಮೀಟರ್ ಮುಂದಕ್ಕೆ ಕರೆದೊಯ್ಯುತ್ತಿದ್ದರು. ಇದು 1987ರಲ್ಲಿದ್ದ ದಂಡ. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಜಿಮ್ ಹುಟ್ಟಿದ್ದು 1966ರ ಏಪ್ರಿಲ್‌ನಲ್ಲಿ, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಆರು ಮಕ್ಕಳಲ್ಲಿ ಹಿರಿಯವನು. ಅವನ ಆಟ ಗೇಲಿಕ್ ಫುಟ್‌ಬಾಲ್. ಅದು ಐರ್ಲೆಂಡಿನ ಸ್ವಂತ ಆಟ; ಚೆಂಡು ದುಂಡು, ಕೈಯನ್ನೂ ಬಳಸಬಹುದು, ತಂಡಕ್ಕೆ 15 ಮಂದಿ. ಡಬ್ಲಿನ್ನಿನ ಕ್ರೋಕ್ ಪಾರ್ಕ್ ಮೈದಾನದಲ್ಲಿ ನಡೆಯುವ ಅದರ ಫೈನಲ್ಲಿಗೆ ಇಂದು 80 ಸಾವಿರ ಜನ ಬರುತ್ತಾರೆ. ಆದರೆ ಆಡುವವರಿಗೆ ಸಂಬಳವಿಲ್ಲ. ಭಾನುವಾರ ಅಷ್ಟು ಜನರ ಚಪ್ಪಾಳೆ ಕೇಳಿದವನು ಸೋಮವಾರ ಬೆಳಗ್ಗೆ ಶಾಲೆಯಲ್ಲಿ ಪಾಠ ಹೇಳಲೋ ಅಂಗಡಿಯಲ್ಲಿ ಲೆಕ್ಕ ಬರೆಯಲೋ ಹೋಗುತ್ತಾನೆ. 1984ರಲ್ಲಿ ಹದಿನೆಂಟು ವರ್ಷದೊಳಗಿನವರ ಅಖಿಲ ಐರ್ಲೆಂಡ್ ಪ್ರಶಸ್ತಿ ಗೆದ್ದ ಡಬ್ಲಿನ್ ತಂಡದಲ್ಲಿ ಜಿಮ್ ಇದ್ದ. ಮುಂದೆ ಹಿರಿಯರ ತಂಡ ಸೇರಿ ಊರಿನಲ್ಲೇ ಹೆಸರು ಮಾಡುತ್ತಿದ್ದನೇನೋ. ಅಷ್ಟರಲ್ಲಿ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು.

ಜಾಹೀರಾತು ಕೊಟ್ಟದ್ದು ಮೆಲ್ಬರ್ನ್ ಫುಟ್‌ಬಾಲ್ ಕ್ಲಬ್, ನಿಯಮಗಳನ್ನು ಬರೆದವರ ಆ ಹಳೆಯ ಕ್ಲಬ್ಬೇ. 1964ರಲ್ಲಿ ಪ್ರಶಸ್ತಿ ಗೆದ್ದ ಮೇಲೆ ಅದರ ದೆಸೆ ಕೆಟ್ಟಿತ್ತು. ಎರಡು ದಶಕಗಳಾದರೂ ಕೊನೆಯ ಘಟ್ಟದ ಪಂದ್ಯಗಳನ್ನೇ ಮುಟ್ಟಿರಲಿಲ್ಲ. ತರಬೇತುದಾರರು ರಾನ್ ಬರಾಸ್ಸಿ, ಆ ಆಟದಲ್ಲಿ ಬಹು ದೊಡ್ಡ ಹೆಸರು. 1967ರಲ್ಲಿ ಆಸ್ಟ್ರೇಲಿಯಾದ ತಂಡವೊಂದು ಐರ್ಲೆಂಡಿಗೆ ಹೋಗಿ ಗೇಲಿಕ್ ಫುಟ್‌ಬಾಲ್ ಆಡಿ ಬಂದಿತ್ತು, ಅದರಲ್ಲಿ ಬರಾಸ್ಸಿಯೂ ಇದ್ದರು. ಎರಡೂ ಆಟಗಳ ಹೋಲಿಕೆ ಅವರ ತಲೆಯಲ್ಲಿ ಉಳಿದಿರಬೇಕು. ಊರಿನಲ್ಲಿ ಒಳ್ಳೆಯ ಆಟಗಾರರು ಸಿಗದಿದ್ದರೆ ಐರ್ಲೆಂಡಿನ ಎತ್ತರದ ಹುಡುಗರನ್ನು ತಂದು ಕಲಿಸೋಣ, ಜೊತೆಗೆ ಕಾಲೇಜು ಓದಿಗೆ ನೆರವು ಕೊಡೋಣ ಎಂಬುದು ಕ್ಲಬ್ಬಿನ ಯೋಚನೆ. ಜಿಮ್ ಅರ್ಜಿ ಹಾಕಿದ, ಆಯ್ಕೆಯಾದ. 1984ರ ಕೊನೆಗೆ ಮೆಲ್ಬರ್ನಿಗೆ ಬಂದಿಳಿದಾಗ ವಯಸ್ಸು ಹದಿನೆಂಟು. ಎತ್ತರ ಆರೂವರೆ ಅಡಿಯ ಹತ್ತಿರ.

ಅಲ್ಲಿ ಮೊದಲ ತೊಂದರೆ ಕೊಟ್ಟದ್ದು ಚೆಂಡು. ದುಂಡು ಚೆಂಡನ್ನು ಒದ್ದು ಬೆಳೆದ ಕಾಲಿಗೆ ಮೊಟ್ಟೆ ಚೆಂಡು ಬಗ್ಗುವುದಿಲ್ಲ. ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಓಡುತ್ತಲೇ ಕೆಳಗೆ ಬಿಟ್ಟು, ನೆಲ ಮುಟ್ಟುವ ಮೊದಲೇ ಕೆಳತುದಿಗೆ ಒದೆಯಬೇಕು. ಸರಿಯಾಗಿ ಬಿದ್ದರೆ ಚೆಂಡು ಹಿಮ್ಮುಖವಾಗಿ ತಲೆಕೆಳಗು ತಿರುಗುತ್ತ ಹೋಗುತ್ತದೆ. ತಿರುಗುವ ವಸ್ತು ತನ್ನ ಅಕ್ಷವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲವಾದ್ದರಿಂದ ದಿಕ್ಕು ತಪ್ಪುವುದಿಲ್ಲ. ಭೌತಶಾಸ್ತ್ರ ಓದುವವರು ಬುಗುರಿಯನ್ನು ನೆನಪಿಸಿಕೊಳ್ಳಬಹುದು. ಬಿಡುವಾಗ ಕೈ ತುಸು ಓರೆಯಾದರೂ ಚೆಂಡು ಎತ್ತಲೋ ಹೋಗುತ್ತದೆ. ಅಲ್ಲಿನ ಮಕ್ಕಳು ಇದನ್ನು ನಾಲ್ಕೈದನೆಯ ವಯಸ್ಸಿನಿಂದ ಬೀದಿಯಲ್ಲಿ ಕಲಿಯುತ್ತಾರೆ. ಹದಿನೆಂಟರ ಈ ಹುಡುಗ 1985ರಲ್ಲಿ ಕ್ಲಬ್ಬಿನ 19 ವರ್ಷದೊಳಗಿನವರ ತಂಡದಲ್ಲಿ ಆಡಿದ. 1986ರಲ್ಲಿ ಅವನನ್ನು ಕೆಳಗಿನ ದರ್ಜೆಯ ಪ್ರಹ್ರಾನ್ ಎಂಬ ಕ್ಲಬ್ಬಿಗೆ ಕಳಿಸಲಾಯಿತು. 1987ರಲ್ಲಿ ಮೆಲ್ಬರ್ನಿನ ಹಿರಿಯರ ತಂಡದಲ್ಲಿ ಜಾಗ ಸಿಕ್ಕಿತು. ಎರಡು ವರ್ಷ ಎಂದು ಬರೆಯುವುದು ಸುಲಭ. ಮನೆಯಿಂದ ಅರ್ಧ ಭೂಮಿಯಾಚೆ, ತನಗಿಂತ ಚಿಕ್ಕವರಿಗೂ ಬರುವ ವಿದ್ಯೆ ತನಗೆ ಬರುವುದಿಲ್ಲ ಎಂದು ದಿನವೂ ಕಾಣುವ ಎರಡು ವರ್ಷ ಅದು.

ಇಲ್ಲಿ ಸ್ವಲ್ಪ ನಿಲ್ಲೋಣ. ಸ್ಟೈನ್ಸ್ ಬಂದ ದಾರಿ ಅಪರೂಪದ್ದು. ಸಾಮಾನ್ಯವಾಗಿ ಒಬ್ಬ ಹುಡುಗ ಈ ವೃತ್ತಿಗೆ ಬರುವುದು ‘ಡ್ರಾಫ್ಟ್’ ಎಂಬ ವ್ಯವಸ್ಥೆಯ ಮೂಲಕ. ಅದು ಆರಂಭವಾದದ್ದು 1986ರಲ್ಲಿ. ನಮ್ಮ ಐಪಿಎಲ್ ಹರಾಜನ್ನು ನೀವು ನೋಡಿದ್ದೀರಿ. ಇದು ಅದಕ್ಕೆ ವಿರುದ್ಧ. ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ, ಕ್ಲಬ್ಬುಗಳು ಸರದಿಯ ಮೇಲೆ ಹುಡುಗರನ್ನು ಆರಿಸುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಳಗಿದ್ದ ಕ್ಲಬ್ಬಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಜೊತೆಗೆ ಒಂದು ಕ್ಲಬ್ ತನ್ನ ಎಲ್ಲ ಆಟಗಾರರಿಗೆ ವರ್ಷಕ್ಕೆ ಒಟ್ಟು ಇಷ್ಟೇ ಸಂಬಳ ಕೊಡಬಹುದೆಂಬ ಮಿತಿಯೂ ಇದೆ. ಹಣವಂತ ಕ್ಲಬ್ಬೊಂದು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದು ಎಂಬುದು ಎರಡರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಹುಡುಗನ ಕಡೆಯಿಂದ ನೋಡಿ: ಮೆಲ್ಬರ್ನಿನಲ್ಲಿ ಹುಟ್ಟಿ ಬೆಳೆದ ಹದಿನೆಂಟರವನನ್ನು ಪರ್ತ್ ನಗರದ ಕ್ಲಬ್ ಆರಿಸಿದರೆ ಅವನು ವಿಮಾನದಲ್ಲಿ ನಾಲ್ಕು ಗಂಟೆಯ ದೂರಕ್ಕೆ ಗಂಟುಮೂಟೆ ಕಟ್ಟಬೇಕು. ‘ನನಗೆ ಈ ಕ್ಲಬ್ ಬೇಡ’ ಎನ್ನುವ ಸ್ವಾತಂತ್ರ್ಯ ಅವನಿಗೆ ಆರಂಭದಲ್ಲಿಲ್ಲ. ಒಂದು ವಿನಾಯಿತಿ ಉಂಟು. ತಂದೆ ಒಂದು ಕ್ಲಬ್ಬಿಗೆ ನೂರು ಪಂದ್ಯ ಆಡಿದ್ದರೆ ಮಗನನ್ನು ಸೇರಿಸಿಕೊಳ್ಳುವಲ್ಲಿ ಆ ಕ್ಲಬ್ಬಿಗೆ ಆದ್ಯತೆ. ಮನೆತನದ ವೃತ್ತಿ ಎಂಬುದು ನಮ್ಮಲ್ಲಿ ಮಾತ್ರ ಇದೆ ಎಂದು ತಿಳಿಯಬೇಡಿ!

ಸ್ಟೈನ್ಸ್ ಆಡಲು ಆರಂಭಿಸಿದಾಗ ಇದು ಪೂರ್ಣಾವಧಿಯ ಉದ್ಯೋಗವಾಗಿರಲಿಲ್ಲ. ಹಗಲು ಬೇರೆ ಕೆಲಸವೋ ಓದೋ, ಸಂಜೆ ಅಭ್ಯಾಸ, ಶನಿವಾರ ಪಂದ್ಯ. ವಿಕ್ಟೋರಿಯಾ ರಾಜ್ಯದ ಲೀಗ್ ಬೇರೆ ರಾಜ್ಯಗಳಿಗೂ ಹಬ್ಬಿ 1990ರಲ್ಲಿ ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್ ಎಂದು ಹೆಸರು ಬದಲಿಸಿಕೊಂಡಿತು. ಆ ದಶಕದಲ್ಲಿ ಟೆಲಿವಿಷನ್ ಹಣ ಬಂದಂತೆಲ್ಲ ಆಟ ಪೂರ್ಣ ವೃತ್ತಿಯಾಯಿತು. ಸ್ಟೈನ್ಸರ ಕಾಲ ಈ ಎರಡರ ನಡುವೆ ಬಿದ್ದದ್ದು.

ಈಗ 1987ರ ಸೆಪ್ಟೆಂಬರ್ 19. ವೇವರ್ಲಿ ಪಾರ್ಕ್ ಮೈದಾನ. ಮೆಲ್ಬರ್ನ್ ಮತ್ತು ಹಾಥಾರ್ನ್ ಕ್ಲಬ್ಬುಗಳ ನಡುವೆ, ನಮ್ಮ ಲೆಕ್ಕದಲ್ಲಿ ಸೆಮಿಫೈನಲ್ ಎನ್ನಬಹುದಾದ ಪಂದ್ಯ. ಗೆದ್ದವರು ಮುಂದಿನ ವಾರ ಫೈನಲ್ ಆಡುತ್ತಾರೆ. ಮೆಲ್ಬರ್ನ್ ಕ್ಲಬ್ಬಿನ ಅಭಿಮಾನಿಗಳು ಇಪ್ಪತ್ತಮೂರು ವರ್ಷ ಕಾದಿದ್ದಾರೆ. ಕೊನೆಯ ಕ್ಷಣಗಳಲ್ಲಿ ಮೆಲ್ಬರ್ನ್ 4 ಅಂಕಗಳಿಂದ ಮುಂದಿದೆ. ಆಗ ಹಾಥಾರ್ನಿನ ಗ್ಯಾರಿ ಬಕನಾರಾ ಎಂಬುವನಿಗೆ ಫ್ರೀ ಕಿಕ್ ಸಿಗುತ್ತದೆ. ಗೋಲು ದೂರವಿದೆ, ಅಲ್ಲಿಂದ ಒದ್ದರೆ ತಲುಪುವುದು ಅನುಮಾನ. ಅಷ್ಟರಲ್ಲಿ ಸ್ಟೈನ್ಸ್, ಎದುರಾಳಿ ಆಟಗಾರನೊಬ್ಬ ಚೆಂಡಿಗಾಗಿ ಓಡುತ್ತಿದ್ದಾನೆಂದು ಅವನನ್ನು ಬೆನ್ನಟ್ಟಿ, ಮಾರ್ಕಿಗೂ ಬಕನಾರಾನಿಗೂ ನಡುವಿನ ಆ ನಿಷಿದ್ಧ ಜಾಗವನ್ನು ಅಡ್ಡ ಹಾಯ್ದುಬಿಟ್ಟ. ಅಂಪೈರ್ ಸೀಟಿ ಊದಿದರು. 15 ಮೀಟರ್. ಆಟ ಮುಗಿದ ಸೈರನ್ ಕೂಗಿತು. ಆದರೆ ಸೈರನ್ನಿಗೆ ಮೊದಲು ಸಿಕ್ಕ ಫ್ರೀ ಕಿಕ್ಕನ್ನು ಒದೆಯಲು ನಿಯಮ ಅವಕಾಶ ಕೊಡುತ್ತದೆ. ಬಕನಾರಾ ಹದಿನೈದು ಮೀಟರ್ ಮುಂದೆ ಬಂದು ಒದ್ದ. ಗೋಲು. ಹಾಥಾರ್ನಿಗೆ 2 ಅಂಕಗಳ ಗೆಲುವು.

ಪಂದ್ಯದ ಕೊನೆಗೆ ತರಬೇತುದಾರ ಜಾನ್ ನಾರ್ಥಿ ಆ ಹುಡುಗನ ಮೇಲೆ ಕೂಗಾಡಿದ ದೃಶ್ಯ ಟೆಲಿವಿಷನ್ನಿನಲ್ಲಿ ಬಂತು. ಆಸ್ಟ್ರೇಲಿಯಾದಲ್ಲಿ ಅದನ್ನು ಎಷ್ಟು ಸಲ ಮತ್ತೆ ಮತ್ತೆ ತೋರಿಸಿದ್ದಾರೋ ಲೆಕ್ಕವಿಲ್ಲ. ನನಗನಿಸುವುದು ಇಷ್ಟು: ಬಾಲ್ಯದಿಂದ ಆಡಿದವನ ಕಾಲು ಆ ಜಾಗದ ಹತ್ತಿರ ಬಂದೊಡನೆ ತಾನಾಗಿ ನಿಲ್ಲುತ್ತದೆ. ಎರಡು ಮೂರು ವರ್ಷದಲ್ಲಿ ಕಲಿತವನ ತಲೆಗೆ ನಿಯಮ ಗೊತ್ತಿರುತ್ತದೆ, ಕಾಲಿಗೆ ಗೊತ್ತಿರುವುದಿಲ್ಲ. ಪರಭಾಷೆಯಲ್ಲಿ ಮಾತನಾಡುವಾಗ ಅವಸರದಲ್ಲಿ ನಮಗೂ ಹೀಗೇ ಆಗುತ್ತದೆಯಲ್ಲವೇ? ದಂಡದ ಕತೆ ಅಲ್ಲಿಗೇ ಮುಗಿಯಲಿಲ್ಲ. 1988ರಿಂದ ಅದು 50 ಮೀಟರ್ ಆಯಿತು. 2021ರಿಂದ ಮಾರ್ಕಿನ ಮೇಲೆ ನಿಂತವನೇ ಅತ್ತಿತ್ತ ಕದಲಿದರೂ ದಂಡ ಬೀಳುತ್ತದೆ.

ಹಾಗೆ ಬೈಸಿಕೊಂಡ ಇಪ್ಪತ್ತೊಂದರ ಹುಡುಗ ಊರಿಗೆ ಮರಳಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಡಬ್ಲಿನ್ನಿನಲ್ಲಿ ಅವನ ಆಟ ಅವನಿಗಾಗಿ ಕಾದಿತ್ತು, ಅಲ್ಲಿ ಆ ತಪ್ಪಿನ ಅರ್ಥ ತಿಳಿದವರೂ ಹೆಚ್ಚು ಇರಲಿಲ್ಲ. ಅವನು 1988ರ ಋತುವಿಗೆ ಮೆಲ್ಬರ್ನಿನಲ್ಲೇ ಇದ್ದ. ಆ ವರ್ಷ ತಂಡ ಫೈನಲ್ ಮುಟ್ಟಿತು. ಎದುರಿಗೆ ಮತ್ತೆ ಹಾಥಾರ್ನ್. ಈ ಸಲ ಸೋಲು 96 ಅಂಕಗಳದ್ದು. ಕತೆಗಳಲ್ಲಾದರೆ ಇಲ್ಲಿ ಗೆಲುವು ಬರಬೇಕಿತ್ತು.

ಇಲ್ಲಿಯವರೆಗೆ ‘ಹುಡುಗ’, ‘ಅವನು’ ಎಂದು ಬರೆದೆ. ಇನ್ನು ಮುಂದೆ ‘ಅವರು’ ಎಂದು ಬರೆಯುತ್ತೇನೆ.

ಸ್ಟೈನ್ಸ್ ಆಡುತ್ತಿದ್ದದ್ದು ‘ರಕ್’ ಎಂಬ ಸ್ಥಾನದಲ್ಲಿ. ಆಗ ಆಟದ ಆರಂಭಕ್ಕೆ ಮತ್ತು ಪ್ರತಿ ಗೋಲಿನ ನಂತರ ಅಂಪೈರ್ ಚೆಂಡನ್ನು ಮೈದಾನದ ನಡುವೆ ನೆಲಕ್ಕೆ ಬಲವಾಗಿ ಬಡಿದು ಮೇಲಕ್ಕೆ ಪುಟಿಸುತ್ತಿದ್ದರು. ಎರಡೂ ತಂಡಗಳ ಎತ್ತರದ ಒಬ್ಬೊಬ್ಬ ಆಟಗಾರ ಜಿಗಿದು, ಅದನ್ನು ಕೈಯಿಂದ ತಟ್ಟಿ ತನ್ನವರಿಗೆ ದಾಟಿಸಲು ನೋಡುತ್ತಾನೆ. ಆ ದಿನಗಳ ರಕ್ ಆಟಗಾರರು ಹೆಚ್ಚಾಗಿ ಭಾರಿ ಮೈಕಟ್ಟಿನವರು. ಜಿಗಿದು ತಟ್ಟುವುದು, ಮೈಯಿಂದ ತಳ್ಳುವುದು ಅವರ ಕೆಲಸ, ಓಡುವುದು ಚಿಕ್ಕ ಆಳುಗಳ ಕೆಲಸ. ಗೇಲಿಕ್ ಆಟದಲ್ಲಿ ಓಡಿ ಓಡಿ ಬೆಳೆದ ಸ್ಟೈನ್ಸರಿಗೆ ಈ ಹಂಚಿಕೆ ಗೊತ್ತಿರಲಿಲ್ಲ. ಅವರು ಚೆಂಡನ್ನು ತಟ್ಟಿ, ಅದರ ಹಿಂದೆಯೇ ಓಡಿ, ಮುಂದಿನ ತುದಿಯಲ್ಲಿ ಮತ್ತೆ ಹಿಡಿಯುತ್ತಿದ್ದರು. ಎದುರಿನ ರಕ್ ಆಟಗಾರ ಎರಡನೆಯ ಅವಧಿಯ ಹೊತ್ತಿಗೆ ಏದುಸಿರು ಬಿಡುತ್ತಿದ್ದ. ಹೊರಗಿನಿಂದ ಬಂದದ್ದು ಅವರಿಗೆ ಒಂದು ದಿನ ಮುಳುವಾಗಿತ್ತು. ಉಳಿದ ದಿನಗಳಲ್ಲಿ ಅದೇ ಅವರ ಬಲವಾಯಿತು.

1991ರಲ್ಲಿ ಬ್ರೌನ್‌ಲೋ ಪದಕ ಬಂತು. 1924ರಿಂದ ಕೊಡುತ್ತ ಬಂದಿರುವ ಈ ಪದಕ ಆ ಆಟದಲ್ಲಿ ಒಬ್ಬ ವ್ಯಕ್ತಿಗೆ ಸಿಗುವ ಅತಿ ದೊಡ್ಡ ಗೌರವ. ಅದನ್ನು ನಿರ್ಧರಿಸುವ ಕ್ರಮ ಸ್ವಾರಸ್ಯವಾಗಿದೆ. ಪ್ರತಿ ಪಂದ್ಯ ಮುಗಿದ ಮೇಲೆ ಅಂಪೈರುಗಳೇ ಮೂವರು ಉತ್ತಮ ಆಟಗಾರರನ್ನು ಆರಿಸಿ 3, 2, 1 ಎಂದು ಗುಟ್ಟಾಗಿ ಮತ ಕೊಡುತ್ತಾರೆ. ಋತುವಿನ ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. ಆ ವರ್ಷ ಒರಟು ಆಟಕ್ಕಾಗಿ ಅಮಾನತಾದವನು ಎಷ್ಟೇ ಮತ ಪಡೆದರೂ ಪದಕಕ್ಕೆ ಅರ್ಹನಲ್ಲ. ಸ್ಟೈನ್ಸರಿಗೆ 25 ಮತಗಳು ಬಂದವು. ಹೊರದೇಶದಿಂದ ಈ ಆಟಕ್ಕೆಂದೇ ಕರೆತಂದವರಲ್ಲಿ ಬ್ರೌನ್‌ಲೋ ಗೆದ್ದ ಮೊದಲಿಗರು ಅವರು. ಅಂಪೈರ್ ಒಬ್ಬರ ಸೀಟಿ ಕೆಡಿಸಿದ್ದ ಹೆಸರನ್ನು ನಾಲ್ಕು ವರ್ಷದ ನಂತರ ಅಂಪೈರುಗಳೇ ಎತ್ತಿ ಹಿಡಿದರು ಎಂದು ಬೇಕಾದರೆ ಹೇಳಬಹುದು. ಅವರ ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರ ಎಂಬ ಗೌರವವೂ ಆ ವರ್ಷ ಅವರಿಗೇ ಬಂತು. ಆಮೇಲೆ 1995, 1996, 1997ರಲ್ಲಿ ಸತತವಾಗಿ ಮೂರು ಸಲ.

ಪದಕ ಒಂದು ರಾತ್ರಿಯ ಸಂಗತಿ. ವೃತ್ತಿಪರ ಆಟಗಾರನ ನಿಜವಾದ ಅಳತೆ ಬೇರೆ ಕಡೆ ಇದೆ ಎಂದು ನನ್ನ ಅಭಿಪ್ರಾಯ. 1987ರಿಂದ 1998ರವರೆಗೆ ಸ್ಟೈನ್ಸ್ ತಮ್ಮ ತಂಡದ ಒಂದು ಪಂದ್ಯವನ್ನೂ ತಪ್ಪಿಸದೆ ಸತತವಾಗಿ 244 ಪಂದ್ಯಗಳನ್ನು ಆಡಿದರು. ಅದಕ್ಕೆ ಮೊದಲು ಇದ್ದ ದಾಖಲೆ ರಿಚ್‌ಮಂಡ್ ಕ್ಲಬ್ಬಿನ ಜ್ಯಾಕ್ ಟೈಟಸ್ ಎಂಬವರದು, 202 ಪಂದ್ಯಗಳು. ವರ್ಷಕ್ಕೆ ಇಪ್ಪತ್ತೆರಡು ಚಿಲ್ಲರೆ ಪಂದ್ಯಗಳು ಎಂದರೂ ಹನ್ನೊಂದು ವರ್ಷ, ವಾರ ವಾರವೂ ಮೈದಾನಕ್ಕೆ ಇಳಿಯುವುದು. ಅದೂ ಎಂಥ ಆಟದಲ್ಲಿ? ಇಬ್ಬರು ದೈತ್ಯರು ಎದುರು ಬದುರಿನಿಂದ ಓಡಿಬಂದು ಮೊಣಕಾಲೆತ್ತಿ ಜಿಗಿದು ಡಿಕ್ಕಿ ಹೊಡೆಯುವ ಸ್ಥಾನದಲ್ಲಿ. ಭಾನುವಾರ ಹಾಸಿಗೆಯಿಂದ ಏಳಲಾಗದ ನೋವು, ವಾರದ ನಡುವೆ ಮೈ ಸಡಿಲಿಸುವುದು, ಮುಂದಿನ ಪಂದ್ಯದ ಮುನ್ನಾದಿನ ತಂಡದ ಪಟ್ಟಿಯಲ್ಲಿ ಮತ್ತೆ ಹೆಸರು. ಇದರಲ್ಲಿ ಚಪ್ಪಾಳೆಗೆ ಸಿಗುವ ಭಾಗ ವಾರಕ್ಕೆ ಎರಡು ಗಂಟೆ ಮಾತ್ರ. 1998ರಲ್ಲಿ ಕೈಯ ಮೂಳೆ ಮುರಿದಾಗ ಆ ಸರಪಳಿ ತುಂಡಾಯಿತು.

ಈ ದಾಖಲೆಯನ್ನು ಮೆಚ್ಚುವಾಗಲೂ ಒಂದು ಮಾತು ಹೇಳಬೇಕು. ಗಾಯಗೊಂಡ ಮೈಯಲ್ಲೇ ಅವರು ಎಷ್ಟೋ ಸಲ ಆಡಿದರು. ಆ ಕಾಲ ಅದನ್ನು ಕೆಚ್ಚು ಎಂದು ಹೊಗಳಿತು. ಇಂದು ವೈದ್ಯರು ಹೀಗೆ ನೋಡುವುದಿಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟುಗಳಿಂದ ಮಿದುಳಿಗೆ ದೀರ್ಘಕಾಲದ ಹಾನಿಯಾಗುತ್ತದೆ ಎಂಬುದು ನಿಧನರಾದ ಕೆಲವು ಆಟಗಾರರ ಮಿದುಳಿನ ಪರೀಕ್ಷೆಯಿಂದ ಗೊತ್ತಾಗಿದೆ. 2019ರಲ್ಲಿ ತೀರಿಕೊಂಡ ಡ್ಯಾನಿ ಫ್ರಾಲಿ ಎಂಬ ಹೆಸರಾಂತ ಆಟಗಾರರ ವಿಷಯದಲ್ಲಿ ಹೀಗೇ ಆಯಿತು. 2021ರಿಂದ ಲೀಗ್ ಒಂದು ನಿಯಮ ಮಾಡಿದೆ: ತಲೆಗೆ ಪೆಟ್ಟಾಗಿ ಮಿದುಳು ಅದುರಿದವನು ಕನಿಷ್ಠ 12 ದಿನ ಆಡುವಂತಿಲ್ಲ. ಪಂದ್ಯಗಳು ವಾರಕ್ಕೊಂದು ನಡೆಯುವುದರಿಂದ ಒಂದು ಪಂದ್ಯವಾದರೂ ತಪ್ಪುತ್ತದೆ. 244ರಂಥ ಸರಪಳಿ ಈಗ ಒಂದೇ ಪೆಟ್ಟಿಗೆ ತುಂಡಾಗುತ್ತದೆ; ಆಗಲಿ, ದಾಖಲೆಗಿಂತ ತಲೆ ದೊಡ್ಡದು.

1998ರ ಋತು ಮುಗಿದಾಗ ಸ್ಟೈನ್ಸ್ ನಿವೃತ್ತರಾದರು. 264 ಪಂದ್ಯ, 130 ಗೋಲು. ತಂಡದ ಪ್ರಶಸ್ತಿ ಮಾತ್ರ ಒಂದೂ ಇಲ್ಲ. ವಯಸ್ಸು ಮೂವತ್ತೆರಡು. ನಿಮ್ಮ ಊರಿನ ಮೇಷ್ಟರೋ ಬ್ಯಾಂಕಿನವರೋ ಕೆಲಸದಲ್ಲಿ ಆಗಷ್ಟೇ ಕುದುರಿಕೊಂಡಿರುವ ವಯಸ್ಸು ಅದು. ಫುಟ್‌ಬಾಲ್ ಆಟಗಾರನಿಗೆ ಪಿಂಚಣಿಯಿಲ್ಲದ ನಿವೃತ್ತಿಯ ವಯಸ್ಸು. ಎಷ್ಟೋ ಜನರ ವೃತ್ತಿ ಇಷ್ಟು ದೂರವೂ ಬರುವುದಿಲ್ಲ. ಡ್ರಾಫ್ಟಿನಲ್ಲಿ ಆಯ್ಕೆಯಾದ ಹುಡುಗ ಎರಡು ಮೂರು ವರ್ಷ ಮೀಸಲು ಆಟಗಾರನಾಗಿ ಕಳೆದು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ‘ಇನ್ನು ನೀನು ಬೇಡ’ ಎನ್ನಿಸಿಕೊಂಡು ಹೊರಗೆ ಬರುವುದುಂಟು. ಇಷ್ಟು ವರ್ಷ ಅವನ ಊಟ, ನಿದ್ದೆ, ತೂಕ ಎಲ್ಲವನ್ನೂ ಬೇರೆಯವರು ನಿರ್ಧರಿಸಿದ್ದಾರೆ. ನಾಳೆ ಬೆಳಗ್ಗೆ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿಲ್ಲ. ಆಟಗಾರರ ಸಂಘ ಈಗ ಓದಿಗೂ ಬೇರೆ ಕೆಲಸ ಕಲಿಯಲೂ ನೆರವು ಕೊಡುತ್ತದೆ. ಆಡುವ ಹುಡುಗರನ್ನು ಹೊಗಳಿ ಓದನ್ನು ಬಿಡಿಸುವ ಹಿರಿಯರು ನಮ್ಮಲ್ಲೂ ಇದ್ದಾರೆ, ಅವರಿಗೆ ಈ ಸಾಲುಗಳನ್ನು ತೋರಿಸಿ.

ಸ್ಟೈನ್ಸ್ ಕಾಯಲಿಲ್ಲ. ಆಡುತ್ತಿರುವಾಗಲೇ ಶಿಕ್ಷಣ ವಿಷಯದಲ್ಲಿ ಪದವಿ ಪಡೆದಿದ್ದರು. 1994ರಲ್ಲಿ, ಆಟದ ಏರುಕಾಲದಲ್ಲೇ, ಪಾಲ್ ಕರೀ ಎಂಬ ಚಲನಚಿತ್ರ ನಿರ್ದೇಶಕರ ಜೊತೆಗೂಡಿ ‘ರೀಚ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಅದು ನಿಮ್ಮ ವಯಸ್ಸಿನವರಿಗಾಗಿ ಇರುವ ಸಂಸ್ಥೆ. ಶಾಲೆಗಳಲ್ಲಿ, ಶಿಬಿರಗಳಲ್ಲಿ ಹದಿಹರೆಯದವರನ್ನು ಗುಂಪಾಗಿ ಕೂರಿಸಿ, ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತೆ ಮಾಡುವುದು ಅದರ ಕ್ರಮ. ಉಪದೇಶ ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ಇಡೀ ದೇಶ ನೋಡಿದ ತಪ್ಪೊಂದನ್ನು ಮಾಡಿದ ಮನುಷ್ಯ ಎದುರಿಗೆ ಕುಳಿತಾಗ, ಪರೀಕ್ಷೆಯಲ್ಲಿ ಸೋತ ಹುಡುಗನಿಗೋ ಮನೆ ಬಿಟ್ಟು ಬಂದ ಹುಡುಗಿಗೋ ಬಾಯಿ ಬಿಡುವುದು ಸುಲಭವಾಗಿದ್ದಿರಬೇಕು. ವಿಕ್ಟೋರಿಯಾ ರಾಜ್ಯ 2001 ಮತ್ತು 2003ರಲ್ಲಿ ಅವರನ್ನು ವರ್ಷದ ವ್ಯಕ್ತಿಯೆಂದು ಗೌರವಿಸಿದ್ದು ಆಟಕ್ಕಲ್ಲ, ಈ ಕೆಲಸಕ್ಕೆ.

2008ರಲ್ಲಿ ಹಳೆಯ ಕ್ಲಬ್ ಮತ್ತೆ ಕರೆಯಿತು. ಮೆಲ್ಬರ್ನ್ ಕ್ಲಬ್ ಸುಮಾರು 50 ಲಕ್ಷ ಡಾಲರ್ ಸಾಲದಲ್ಲಿತ್ತು, ಮುಚ್ಚಿಹೋಗುವ ಭಯವಿತ್ತು. ಸ್ಟೈನ್ಸ್ ಅಧ್ಯಕ್ಷರಾದರು. ಅಭಿಮಾನಿಗಳ ಮುಂದೆ ಕೈಯೊಡ್ಡಿದರು, ಔತಣಕೂಟಗಳಲ್ಲಿ ಹಣ ಕೂಡಿಸಿದರು. 2009ರ ಜುಲೈನಲ್ಲಿ ತಮಗೆ ಕ್ಯಾನ್ಸರ್ ಆಗಿದೆ, ಅದು ಹರಡಿದೆ ಎಂದು ಅವರೇ ಪತ್ರಕರ್ತರಿಗೆ ತಿಳಿಸಿದರು. ಮಿದುಳಿನ ಶಸ್ತ್ರಚಿಕಿತ್ಸೆಗಳು ಒಂದರ ಮೇಲೊಂದು ನಡೆಯುತ್ತಿರುವಾಗಲೂ ಹುದ್ದೆಯಲ್ಲಿದ್ದರು. 2010ರ ಆಗಸ್ಟ್‌ನಲ್ಲಿ ಸಾಲ ತೀರಿತೆಂದು ಕ್ಲಬ್ ಪ್ರಕಟಿಸಿತು. 2012ರ ಆರಂಭದಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟರು. ಅದೇ ವರ್ಷ ಮಾರ್ಚ್ 20ರಂದು ತೀರಿಕೊಂಡರು. ವಯಸ್ಸು 45. ಸೇಂಟ್ ಪಾಲ್ಸ್ ಕೆಥೀಡ್ರಲ್‌ನಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆಯ ಪ್ರಾರ್ಥನೆ ನಡೆಯಿತು. ಯಾರಾ ನದಿಯ ಮೇಲಿನ ಒಂದು ಕಾಲುಸೇತುವೆಗೆ ಈಗ ಅವರ ಹೆಸರಿದೆ.

ಅವರು ಹೋದ ದಾರಿಯಲ್ಲಿ ಐರ್ಲೆಂಡಿನ ಹುಡುಗರು ಇಂದಿಗೂ ಆಸ್ಟ್ರೇಲಿಯಾಕ್ಕೆ ಬರುತ್ತಿದ್ದಾರೆ. ಕೆರಿ ಪ್ರಾಂತದ ಟೈಗ್ ಕೆನಲಿ ಎಂಬವರು 2005ರಲ್ಲಿ ಸಿಡ್ನಿ ತಂಡದೊಂದಿಗೆ ಪ್ರಶಸ್ತಿ ಗೆದ್ದು, ಊರಿಗೆ ಮರಳಿ 2009ರಲ್ಲಿ ಅಖಿಲ ಐರ್ಲೆಂಡ್ ಪ್ರಶಸ್ತಿಯನ್ನೂ ಗೆದ್ದರು. ಮಹಿಳೆಯರ ಲೀಗ್ 2017ರಲ್ಲಿ ಆರಂಭವಾಯಿತು. ಮರುವರ್ಷವೇ ಮೇಯೊ ಪ್ರಾಂತದ ಕೋರಾ ಸ್ಟಾಂಟನ್ ಅದರಲ್ಲಿ ಆಡಿದರು. ಸ್ಟೈನ್ಸರ ಮೆಲ್ಬರ್ನ್ ಕ್ಲಬ್ 57 ವರ್ಷಗಳ ನಂತರ, 2021ರಲ್ಲಿ, ಪ್ರಶಸ್ತಿ ಗೆದ್ದಿತು. ಐರ್ಲೆಂಡಿನವರಲ್ಲಿ ಅತಿ ಹೆಚ್ಚು ಪಂದ್ಯ ಆಡಿದವರೆಂಬ ಸ್ಟೈನ್ಸರ ದಾಖಲೆಯನ್ನು ಝಾಕ್ ಟೂಹಿ ದಾಟಿದರು. 2024ರಲ್ಲಿ ನಿವೃತ್ತರಾಗುವಾಗ ಅವರ ಲೆಕ್ಕ 288. ಸತತ 244 ಪಂದ್ಯಗಳ ದಾಖಲೆಯನ್ನು 2025ರವರೆಗೆ ಯಾರೂ ಮುಟ್ಟಿರಲಿಲ್ಲ.